ಸುಂಕದ ಕಟ್ಟೆ ದಾಟಿದ ಪುಟ್ಟ ಎಂಜಿನ್‌ಗಳು

ಇಪ್ಪತ್ತಮೂರು ವರ್ಷ ನಾನು ಬೇರೆಯವರ ಪೆಟ್ಟಿಗೆಯಲ್ಲಿ ಏನಿದೆ ಎಂದು ಹೇಳಿ ಸಂಬಳ ಪಡೆದವಳು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಸರಕು ಪ್ರದೇಶದಲ್ಲಿ ಒಂದು ಸಣ್ಣ ಸಾಗಾಣಿಕೆ ಕಂಪನಿ. ಅದರ ಎರಡನೇ ಮಹಡಿಯಲ್ಲಿ ಆರು ಮೇಜುಗಳ ಸುಂಕ ವಿಭಾಗ. ಕಿಟಕಿ ಪಕ್ಕದ ಮೇಜು ನನ್ನದು. ಹೊರದೇಶದಿಂದ ಬರುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹುಡುಕಿ, ಫಾರ್ಮ್ ತುಂಬಿ, ಸುಂಕ ಕಚೇರಿಯಾದ ಜೋಲ್‌ಆಮ್ಟ್‌ಗೆ ಕಳಿಸುವುದು ನನ್ನ ಕೆಲಸ. ಸಂಖ್ಯೆ ಸರಿಯಿದ್ದರೆ ಪೆಟ್ಟಿಗೆ ಮನೆ ಸೇರುತ್ತದೆ. ತಪ್ಪಿದ್ದರೆ ಗೋದಾಮಿನಲ್ಲಿ ಕೂರುತ್ತದೆ, ಮತ್ತು ಅದರ ಮಾಲೀಕ ಫೋನ್ ಮಾಡಿ ನನ್ನನ್ನು ಬೈಯುತ್ತಾನೆ.

ಈಗ ಈ ಕೆಲಸಕ್ಕೆ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಬರುತ್ತಿದ್ದಾರೆ. ಈ ಸಲದ ಡಾರ್ಮ್‌ಸ್ಟಾಟ್ ಯುಗಾದಿ ಊಟದಲ್ಲಿ ಮೈಸೂರಿನ ಒಬ್ಬಳು ಪಕ್ಕದಲ್ಲಿ ಕೂತು ಕೇಳಿದಳು: "ಆಂಟಿ, ಇದು ಬರೀ ಡೇಟಾ ಎಂಟ್ರಿ ಅಲ್ವಾ? ಎಐ ಬಂದ್ಮೇಲೆ ಈ ಜಾಬ್ ಇರುತ್ತಾ?" ಮೊದಲು ಹೋಳಿಗೆ ತಿನ್ನು ಎಂದೆ. ಮನೆಗೆ ಬಂದ ಮೇಲೆ ಅವಳಿಗೆ ಸರಿಯಾದ ಉತ್ತರ ಕೊಡಬೇಕಿತ್ತು ಅನ್ನಿಸಿತು. ಇಷ್ಟು ವರ್ಷದಲ್ಲಿ ಔಷಧಿ, ಯಂತ್ರದ ಬಿಡಿಭಾಗ, ಮದುವೆ ಸೀರೆ, ಒಮ್ಮೆ ಜೀವಂತ ಜೇನುಹುಳ, ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಆದರೆ ಈ ಕೆಲಸ ಏನೆಂದು ನನಗೆ ಕಲಿಸಿದ್ದು ಆಟದ ರೈಲುಗಳು. ಆಟದ ರೈಲು ಎಂದರೆ ಅದರ ಹವ್ಯಾಸಿಗಳಿಗೆ ಸಿಟ್ಟು ಬರುತ್ತದೆ, ಮಾದರಿ ರೈಲು ಎನ್ನಬೇಕು. ಈ ಪಾಠವೂ ಬೈಸಿಕೊಂಡೇ ಕಲಿತದ್ದು.

ನಾನು ಗದಗಿನವಳು. ಧಾರವಾಡದಲ್ಲಿ ಬಿ.ಕಾಂ. ಮಾಡಿ, ಕಾರು ಕಂಪನಿಯ ಎಂಜಿನಿಯರ್ ಗಂಡನ ಹಿಂದೆ ಜರ್ಮನಿಗೆ ಬಂದೆ. ಭಾಷೆ ಕಲಿತು ಕೆಲಸ ಹುಡುಕುವ ಹೊತ್ತಿಗೆ ಮಗಳು ಶಾಲೆಗೆ ಹೋಗುತ್ತಿದ್ದಳು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ವಿಭಾಗದ ಮುಖ್ಯಸ್ಥೆ ಫ್ರಾವ್ ಹೆಲ್ಲರ್. ಬೆಳ್ಳಗಿನ ಗಿಡ್ಡ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಒಮ್ಮೆಯೂ ಎತ್ತರಿಸದ ದನಿ. ಮೊದಲ ದಿನವೇ ಹೇಳಿದರು: "ಕಾಗದ ಹೇಳುವುದನ್ನು ನಂಬಬೇಡಿ. ವಸ್ತು ಏನು ಹೇಳುತ್ತದೆ ನೋಡಿ." ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ.

ಅರ್ಥವಾಗಲು ಎರಡು ತಿಂಗಳು ಸಾಕಾಯಿತು. ಜಪಾನಿನಿಂದ ಒಂದು ಪೆಟ್ಟಿಗೆ ಬಂತು. ಇನ್‌ವಾಯ್ಸ್‌ನಲ್ಲಿ ಬರೆದದ್ದು ಇಷ್ಟೇ: ಉಗಿ ಲೋಕೋಮೋಟಿವ್, ಒಂದು, ಬಳಸಿದ್ದು. ನಾನು ಸುಂಕದ ಸಂಖ್ಯೆಗಳ ದಪ್ಪ ಪುಸ್ತಕ ತೆರೆದು, ರೈಲ್ವೆ ಅಧ್ಯಾಯಕ್ಕೆ ಹೋಗಿ, ಉಗಿ ಲೋಕೋಮೋಟಿವ್‌ನ ಸಂಖ್ಯೆ ಹುಡುಕಿ, ಅಚ್ಚುಕಟ್ಟಾಗಿ ತುಂಬಿ ಕಳಿಸಿದೆ. ಮರುದಿನ ಬೆಳಿಗ್ಗೆ ಜೋಲ್‌ಆಮ್ಟ್‌ನಿಂದ ಫೋನ್ ಬಂತು. ರೈಲ್ವೆ ವಾಹನದ ಕಾಗದಪತ್ರ ಎಲ್ಲಿ ಎಂದು ಕೇಳಿದರು. ಫ್ರಾವ್ ಹೆಲ್ಲರ್ ನನ್ನ ಮೇಜಿನ ಬಳಿ ಬಂದು ನಿಂತರು.

"ಫ್ರಾವ್ ದೇಸಾಯಿ, ಈ ಲೋಕೋಮೋಟಿವ್‌ನ ತೂಕ ಎಷ್ಟು?"

"ಎರಡು ಕಿಲೋ."

"ಹಾಗಾದರೆ ಡ್ರೈವರ್ ಎಲ್ಲಿ ಕೂರುತ್ತಾನೆ?"

ಉಳಿದ ಐದು ಮೇಜುಗಳೂ ಹೊಟ್ಟೆ ಹಿಡಿದುಕೊಂಡು ನಕ್ಕವು. ನನಗೆ ಅಳು ಬಂತು. ಮಧ್ಯಾಹ್ನ ಪೆಟ್ಟಿಗೆಯ ಮಾಲೀಕರೇ ಬಂದರು. ಹೆರ್ ಕ್ರ್ಯೂಗರ್ ಆಗ ಡಾರ್ಮ್‌ಸ್ಟಾಟ್‌ನಲ್ಲಿ ಟ್ರಾಮ್ ಓಡಿಸುತ್ತಿದ್ದರು, ಸಮವಸ್ತ್ರದಲ್ಲೇ ಬಂದಿದ್ದರು. ಬೈಗುಳಕ್ಕೆ ಸಿದ್ಧಳಾಗಿ ಎದ್ದು ನಿಂತೆ. ಅವರು ನನ್ನ ತಪ್ಪು ಫಾರ್ಮ್‌ನ ಒಂದು ಪ್ರತಿ ಬೇಕು ಎಂದರು. ಅದಕ್ಕೆ ಚೌಕಟ್ಟು ಹಾಕಿಸಿ ನೆಲಮಾಳಿಗೆಯಲ್ಲಿ ತೂಗುಹಾಕಿದ್ದಾರಂತೆ. ಅವತ್ತಿನಿಂದ ಅವರ ಮಾದರಿ ರೈಲು ಕ್ಲಬ್ಬಿನ ಪೆಟ್ಟಿಗೆಗಳೆಲ್ಲ ನನ್ನ ಮೇಜಿಗೇ ಬರತೊಡಗಿದವು.

ಹವ್ಯಾಸಿಯ ಕಷ್ಟವೇ ಬೇರೆ. ವ್ಯಾಪಾರಿ ಸಾವಿರ ವಸ್ತು ತರಿಸುತ್ತಾನೆ, ಸುಂಕ ಹೆಚ್ಚಾದರೆ ಬೆಲೆ ಏರಿಸುತ್ತಾನೆ. ಹವ್ಯಾಸಿ ತರಿಸುವುದು ಒಂದೇ. ಅದಕ್ಕಾಗಿ ಎರಡು ವರ್ಷ ಕಾದಿರುತ್ತಾನೆ, ಹೆಂಡತಿಗೆ ಅರ್ಧ ಸತ್ಯ ಹೇಳಿರುತ್ತಾನೆ. ವಿದ್ಯುತ್ತಿನಿಂದ ಓಡುವ ಮಾದರಿ ರೈಲಿಗೆ ಇಲ್ಲಿ ಸುಂಕವೇ ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿರುತ್ತಾನೆ. ಅದು ನಿಜವೇ. ಆದರೆ ಸುಂಕವಿಲ್ಲದಿದ್ದರೂ ಆಮದು ತೆರಿಗೆ ಇದೆ, ಕೊರಿಯರ್‌ನವರ ಸೇವಾ ಶುಲ್ಕ ಇದೆ, ಸಂಖ್ಯೆ ತಪ್ಪಿದರೆ ಸುಂಕವೂ ಬರುತ್ತದೆ. ಬಾಗಿಲಿಗೆ ಬಂದ ಪೋಸ್ಟಿನವನು ಪೆಟ್ಟಿಗೆ ಒಂದು ಕೈಯಲ್ಲಿ, ಚೀಟಿ ಇನ್ನೊಂದು ಕೈಯಲ್ಲಿ ಹಿಡಿದು ನಿಂತಾಗ ಈ ಮುದುಕರ ಮುಖ ನೋಡಬೇಕು.

ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೋದಾಗ ನಮ್ಮ ಕಚೇರಿಯಲ್ಲಿ ಒಂದು ವರ್ಷ ಇದೇ ಗೋಳು. ಮೂವತ್ತು ವರ್ಷದಿಂದ ಅಲ್ಲಿನ ಅಂಗಡಿಯಿಂದ ಮಾದರಿ ರೈಲಿನ ಡಬ್ಬಿಗಳನ್ನು ತರಿಸಿಕೊಳ್ಳುತ್ತಿದ್ದವರಿಗೆ ಒಂದು ಬೆಳಿಗ್ಗೆ ಅದೇ ಡಬ್ಬಿ ವಿದೇಶಿ ಸರಕಾಗಿಬಿಟ್ಟಿತು. ಒಬ್ಬರು ಫೋನಿನಲ್ಲಿ, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು. ನೀವೇನೂ ಮಾಡಿಲ್ಲ, ಗಡಿ ಜರುಗಿತು ಎಂದೆ. ಅಷ್ಟರಲ್ಲಿ ಕಾಗದದ ಫಾರ್ಮ್‌ಗಳು ಹೋಗಿ ಎಲ್ಲ ಪರದೆಯ ಮೇಲೆ ಬಂದಿತ್ತು. ಮೊದಲು ಫೈಲು ಹಿಡಿದು ಅಧಿಕಾರಿಯ ಕಿಟಕಿಯ ಮುಂದೆ ನಿಂತು ವಾದ ಮಾಡಬಹುದಿತ್ತು. ಈಗ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಇಲ್ಲ ಎಂದರೆ ವಾದಕ್ಕೆ ಮುಖವೇ ಇಲ್ಲ. ಕೆಲಸ ಬೇಗವಾಯಿತು ನಿಜ. ಪೆಟ್ಟಿಗೆಯನ್ನು ಕಣ್ಣಿನಿಂದ ನೋಡುವ ಅಭ್ಯಾಸ ತಪ್ಪಿತು.

ಇನ್ನು ಹುಬ್ಬಳ್ಳಿಯ ವಿಷಯ.

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಫ್ರಾವ್ ಹೆಲ್ಲರ್ ಯಾವತ್ತೋ ನಿವೃತ್ತರಾಗಿ ಹೋಗಿದ್ದರು. ಹೆರ್ ಕ್ರ್ಯೂಗರ್ ಕೂಡ ಟ್ರಾಮ್ ಬಿಟ್ಟು ಪೂರ್ತಿ ಕ್ಲಬ್ಬಿನವರಾಗಿದ್ದರು. ಒಂದು ದಿನ ಫೋನ್ ಮಾಡಿ, "ಫ್ರಾವ್ ದೇಸಾಯಿ, ಹುಬ್ಬಳ್ಳಿ ಎಂಬ ಊರು ನಿಮಗೆ ಗೊತ್ತೇ?" ಎಂದರು. ನಮ್ಮ ಊರಿನಿಂದ ಗಂಟೆಯ ದಾರಿ ಎಂದೆ.

ವಿಷಯ ಹೀಗಿತ್ತು. ಕ್ಯಾಸಲ್‌ರಾಕ್ ಘಟ್ಟದ ಹಳೆಯ ಮೀಟರ್‌ಗೇಜ್ ದಾರಿಯಲ್ಲಿ ಹೆರ್ ಕ್ರ್ಯೂಗರ್ ಹರೆಯದಲ್ಲಿ ಪ್ರಯಾಣ ಮಾಡಿದ್ದರು. ಆ ಘಟ್ಟವನ್ನು ಕ್ಲಬ್ಬಿನ ಹನ್ನೆರಡು ಜನ ಸೇರಿ ಹಳೆಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಪ್ಲಾಸ್ಟರಿನಲ್ಲಿ ಕಟ್ಟುತ್ತಿದ್ದರು. ಗುಡ್ಡ, ಸುರಂಗ, ಸೇತುವೆ ಎಲ್ಲ ಆಗಿತ್ತು. ಅಲ್ಲಿ ಓಡುತ್ತಿದ್ದ ಎಂಜಿನ್‌ನ ಮಾದರಿಯನ್ನು ಜಗತ್ತಿನ ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ ಮೌನೇಶ ಪತ್ತಾರ ಎಂಬೊಬ್ಬರು ಮನೆಯ ಹಿಂದಿನ ಶೆಡ್ಡಿನಲ್ಲಿ ಹಿತ್ತಾಳೆಯಲ್ಲಿ ಕೈಯಿಂದ ಮಾಡುತ್ತಿದ್ದರು. ಗಿರಾಕಿಗಳೆಲ್ಲ ಅಮೆರಿಕದವರು. ಅಮೆರಿಕ ಸುಂಕ ಏರಿಸಿ, ಸಣ್ಣ ಪೆಟ್ಟಿಗೆಗಳಿಗಿದ್ದ ವಿನಾಯಿತಿಯನ್ನೂ ತೆಗೆದುಹಾಕಿದ ಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ಒಳ್ಳೆಯ ಮಾತಿನ ಪತ್ರ ಬರೆದು ಆರ್ಡರು ನಿಲ್ಲಿಸಿದ್ದರು. ಉಳಿದದ್ದು ನೆಲಮಾಳಿಗೆಯ ಈ ಹನ್ನೆರಡು ಜನ. ಘಟ್ಟ ಏರಲು ರೈಲಿಗೆ ಮುಂದೊಂದು, ಹಿಂದೊಂದು ಎಂಜಿನ್ ಬೇಕು. ಮೊದಲು ಮೂರು ತರಿಸಿ ನೋಡುವುದು, ಸರಿಹೋದರೆ ಇನ್ನೂ ಹತ್ತು ಎಂದು ಮಾತಾಗಿತ್ತು. ಹತ್ತು ಎಂಜಿನ್ ಎಂದರೆ ಪತ್ತಾರರಿಗೆ ಒಂದೂವರೆ ವರ್ಷದ ಕೆಲಸ.

ಮೊದಲ ಪೆಟ್ಟಿಗೆ ಬಂದ ದಿನ ಜೋಲ್‌ಆಮ್ಟ್‌ನ ಒಬ್ಬ ಯುವ ಅಧಿಕಾರಿ ನನ್ನನ್ನು ಕೆಳಗಿನ ಗೋದಾಮಿಗೆ ಕರೆಸಿದ. ಮೇಜಿನ ಮೇಲೆ ಪೆಟ್ಟಿಗೆ ತೆರೆದಿತ್ತು. ಮೊಳ ಉದ್ದದ ಹಿತ್ತಾಳೆ ಎಂಜಿನ್ ಹತ್ತಿಯ ಮೇಲೆ ಮಲಗಿತ್ತು. ಅದರ ಚಕ್ರದ ಕೆಳಗೆ ಒಣಗಿ ಕಪ್ಪಾದ ಒಂದು ನಿಂಬೆಹಣ್ಣು. ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೆಂಪು ಪುಡಿ. ಇನ್‌ವಾಯ್ಸ್‌ನಲ್ಲಿ ಬರೆದದ್ದು: ಹಿತ್ತಾಳೆ ಶೋಪೀಸ್, ಉಡುಗೊರೆ.

ಅವನು ಕೈಗವಸು ಹಾಕಿಕೊಂಡಿದ್ದ. "ಇದು ಉಡುಗೊರೆಯಲ್ಲ, ಹಣ ಕೊಟ್ಟಿದ್ದಾರೆ. ಈ ಹಣ್ಣಿಗೆ ಸಸ್ಯ ಪ್ರಮಾಣಪತ್ರ ಇಲ್ಲ. ಈ ಪುಡಿ ಏನು?" ಎಂದ.

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಇಪ್ಪತ್ತೆರಡು ವರ್ಷ ಈ ಕಚೇರಿಯಲ್ಲಿ ಜರ್ಮನರಿಗಿಂತ ಜರ್ಮನ್ ಆಗಿ ಕೆಲಸ ಮಾಡಿದವಳು ನಾನು. ಅವನು ತಡೆಯುವ ಮೊದಲೇ ಪೊಟ್ಟಣ ಬಿಚ್ಚಿ, ಬೆರಳಿನಿಂದ ಕುಂಕುಮ ತೆಗೆದು ನನ್ನ ಹಣೆಗೆ ಹಚ್ಚಿಕೊಂಡೆ. "ಇದು ಇದಕ್ಕೆ," ಎಂದೆ. ಅವನು ಒಂದು ಕ್ಷಣ ನನ್ನ ಹಣೆ ನೋಡಿದ. ಆಮೇಲೆ, ಮಾಲು ಮುಟ್ಟುವುದು ನಿಯಮಕ್ಕೆ ವಿರುದ್ಧ ಎಂದು ಗದರಿಸಿ, ನಿಂಬೆಹಣ್ಣನ್ನು ನಾಶಪಡಿಸುವ ಒಂದು ಫಾರ್ಮ್ ತೆಗೆದ. ಒಂದು ನಿಂಬೆಹಣ್ಣಿಗೆ ಎರಡು ಪುಟ.

ಸಂಜೆ ಮನೆಯಿಂದ ಹುಬ್ಬಳ್ಳಿಗೆ ಫೋನ್ ಮಾಡಿದೆ. ಎತ್ತಿದವರು ಪತ್ತಾರರ ಹೆಂಡತಿ ಶಾಂತವ್ವ. ಪೆಟ್ಟಿಗೆ ಕಟ್ಟುವುದು ಅವರೇ.

"ನಿಂಬಿಹಣ್ಣು ಯಾಕ ಇಟ್ರಿ ಶಾಂತವ್ವಾರ?"

"ಹೊಸಾ ಗಾಡಿ ಅಲ್ಲೇನ್ರೀ ಬಾಯಾರ? ಗಾಲಿ ತಳಗ ನಿಂಬಿಹಣ್ಣು ಇಡದ ಹೆಂಗ ಬಿಡೂದು? ಅಷ್ಟು ದೂರ ಹೊಂಟಾದ, ಯಾರದರ ಕಣ್ಣು ಬಿದ್ದು ನೆದರಗಿದರ ಆದೀತು."

"ಇಲ್ಲೆ ಅದಕ್ಕ ಸರ್ಟಿಫಿಕೇಟ್ ಬೇಕಂತ್ರೀ."

"ನಿಂಬಿಹಣ್ಣಿಗೆ?" ಎಂದು ಅವರು ನಕ್ಕ ನಗೆಗೆ ನಾನೂ ಸೇರಿಕೊಂಡೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ, "ನೀ ಮೊದಲ ಹಣಿ ತೊಳಕೊ, ಟ್ರೇನಿನಾಗೂ ಹಂಗ ಬಂದೀಯೇನು?" ಎಂದರು. ಹಾಗೇ ಬಂದಿದ್ದೆ.

ನಗು ಮುಗಿದ ಮೇಲೆ ಪತ್ತಾರರು ಫೋನ್ ತೆಗೆದುಕೊಂಡರು. ಶೋಪೀಸ್ ಎಂದು ಏಕೆ ಬರೆದಿರಿ ಎಂದು ಕೇಳಿದೆ. "ಎಂಜಿನ್ ಅಂತ ಬರದ್ರ ಏನರ ದೊಡ್ಡ ಸಾಮಾನ ಅಂತ ತಿಳೀತಾರ ಅಂತ ಅಂಜಿಕಿ ರೀ. ಶೋಪೀಸ್ ಅಂದ್ರ ಸರಳ ಬಿಡ್ತಾರ ಅಂತ ಕೊರಿಯರ್ ಅಂಗಡ್ಯಾಂವ ಹೇಳಿದ." ನಮ್ಮ ದೇಶದಿಂದ ಬರುವ ಅರ್ಧ ಪೆಟ್ಟಿಗೆಗಳ ಮೇಲೆ ಇದೇ ಉಡುಗೊರೆ, ಇದೇ ಶೋಪೀಸ್. ಕಳಿಸುವವರಲ್ಲಿ ಮೋಸದ ಬುದ್ಧಿ ಇರುವುದಿಲ್ಲ, ಅಂಜಿಕೆ ಇರುತ್ತದೆ. ಅಧಿಕಾರಿಗೆ ಅದು ಮೋಸದಂತೆಯೇ ಕಾಣುತ್ತದೆ. ಈ ಕೆಲಸಕ್ಕೆ ಬರುವ ಕನ್ನಡಿಗರು ನೆನಪಿಡಬೇಕಾದದ್ದು ಇದು. ಆ ಅಂಜಿಕೆಯನ್ನು ಗುರುತಿಸಬಲ್ಲವರು ಆ ಕಚೇರಿಯಲ್ಲಿ ನೀವೊಬ್ಬರೇ ಇರುತ್ತೀರಿ.

ಇನ್ನು ನನ್ನ ತಪ್ಪು. ಎಂಜಿನ್‌ನಲ್ಲಿ ಮೋಟಾರು ಇರಲಿಲ್ಲ. ಜರ್ಮನ್ ಮೋಟಾರನ್ನು ಕ್ಲಬ್ಬಿನವರು ಇಲ್ಲೇ ಕೂರಿಸಿಕೊಳ್ಳುತ್ತಾರೆ. ಪೂರ್ತಿಯಾಗದ ವಸ್ತುವಾದರೂ ಅದರ ಮೂಲ ಲಕ್ಷಣ ಬಂದಿದ್ದರೆ ಪೂರ್ತಿಯಾದದ್ದರ ಸಂಖ್ಯೆಯನ್ನೇ ಕೊಡಬೇಕು ಎಂಬ ನಿಯಮ ಪುಸ್ತಕದ ಮೊದಲ ಪುಟದಲ್ಲೇ ಇದೆ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಅವತ್ತು ಮುಖ ಕೆಂಪಾಗಿತ್ತು, ಬೇಗ ಮುಗಿದರೆ ಸಾಕಾಗಿತ್ತು. ಮೋಟಾರಿಲ್ಲ, ಲೋಹದ ಮಾದರಿ ಎಂದು ಸುಂಕ ಬೀಳುವ ಸಂಖ್ಯೆ ಹಾಕಿ ಬಿಡಿಸಿಕೊಂಡೆ. ಎರಡನೇ ಪೆಟ್ಟಿಗೆ ನಾನು ರಜೆಯಲ್ಲಿದ್ದಾಗ ಬಂತು. ಪಕ್ಕದ ಮೇಜಿನವಳು ಸರಿಯಾಗಿ ವಿದ್ಯುತ್ ರೈಲು ಎಂದು ಹಾಕಿದಳು, ಸುಂಕ ಬೀಳಲಿಲ್ಲ. ಮೂರನೆಯದು ಬಂದಾಗ ಕಂಪ್ಯೂಟರು ಹಿಂದಿನ ಎರಡನ್ನೂ ನೋಡಿ, ಒಂದೇ ವಸ್ತುವಿಗೆ ಎರಡು ಸಂಖ್ಯೆ ಏಕೆ ಎಂದು ಹಿಡಿದು ನಿಲ್ಲಿಸಿತು. ಮೂರು ವಾರ ಗೋದಾಮು.

ಕ್ಲಬ್ಬಿನ ಸಭೆಗೆ ನನ್ನನ್ನು ಕರೆದರು. ಪ್ಲಾಸ್ಟರಿನ ಘಟ್ಟದ ಪಕ್ಕದಲ್ಲಿ ಮಡಿಚುವ ಕುರ್ಚಿಗಳು, ಥರ್ಮಾಸ್‌ನಲ್ಲಿ ಕಾಫಿ. ಖಜಾಂಚಿ ಒಬ್ಬ ಹಿರಿಯ ಮಹಿಳೆ, ನಿವೃತ್ತ ನರ್ಸ್. ಸಿಟ್ಟಿಲ್ಲದೆ ಹೇಳಿದರು: "ನಾವೆಲ್ಲ ಪಿಂಚಣಿಯವರು. ಹೆಚ್ಚಾದರೂ ಸರಿ, ಮೊದಲೇ ಬೆಲೆ ಹೇಳಿ. ಒಂದು ಸಲ ಸುಂಕ, ಒಂದು ಸಲ ಇಲ್ಲ, ಒಂದು ಸಲ ಪೆಟ್ಟಿಗೆಯೇ ಇಲ್ಲ ಎಂದರೆ ಹತ್ತು ಎಂಜಿನ್‌ಗೆ ಹೇಗೆ ಕೈ ಎತ್ತಲಿ?" ಹನ್ನೆರಡು ಜನರಲ್ಲಿ ಒಂಬತ್ತು ಜನ ಆರ್ಡರು ತಡೆಹಿಡಿಯುವುದಕ್ಕೆ ಕೈ ಎತ್ತಿದರು. ಹೆರ್ ಕ್ರ್ಯೂಗರ್ ನೆಲ ನೋಡುತ್ತಿದ್ದರು. ಇದಕ್ಕೆಲ್ಲ ಮೊದಲ ಸಂಖ್ಯೆ ಕಾರಣ, ಅದನ್ನು ಹಾಕಿದವಳು ನಾನು ಎಂದು ಎದ್ದು ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸುದ್ದಿಯನ್ನು ಹುಬ್ಬಳ್ಳಿಗೆ ನಾನೇ ಹೇಳಿದೆ. ಪತ್ತಾರರು ಕೇಳಿಸಿಕೊಂಡು ಹೇಳಿದರು: "ಇರ್ಲಿ ಬಿಡ್ರಿ ಬಾಯಾರ. ಗೋಕುಲ ರೋಡಿನ ಗ್ಯಾರೇಜಿನಾಂವ ಲೇಥ್ ಕೇಳಾಕ ಎರಡು ಸಲ ಬಂದು ಹ್ವಾದ. ನಮ್ಮ ಅಪ್ಪನ ಲೇಥ್ ಅಂತ ಕೊಟ್ಟಿದ್ದಿಲ್ಲ. ಇನ್ನ ಕೊಟ್ಟ ಬಿಡ್ತೇನಿ. ಲೇಥ್ ಹ್ವಾದ್ರ ಈ ಹುಚ್ಚೂ ಹೋಗ್ತದ." ಲೋಹ ಕಡೆಯುವ ಆ ಯಂತ್ರ ಹೋದರೆ ಎಂಜಿನ್ ಮಾಡುವುದೇ ನಿಲ್ಲುತ್ತದೆ ಎಂದು ಅವತ್ತು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಎ ಕೋಡ್, ಚೇಂಜ್ ಮಾಡು," ಎಂದಳು. ಅವಳು ಸುಲಭವಾಗಿ ಹೇಳಿದರೂ ಸರಿಯಾಗಿಯೇ ಹೇಳಿದ್ದಳು.

ಜರ್ಮನಿಯಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ, ಹವ್ಯಾಸಿಗಳು ಯಾರೂ ಬಳಸುವುದಿಲ್ಲ. ವಸ್ತು ಬರುವ ಮೊದಲೇ ಅದರ ವಿವರ ಬರೆದು, ಇದರ ಸಂಖ್ಯೆ ಯಾವುದು ನೀವೇ ಹೇಳಿ ಎಂದು ಸುಂಕ ಇಲಾಖೆಯನ್ನು ಕೇಳಬಹುದು. ಅವರು ಕೊಡುವ ಉತ್ತರಕ್ಕೆ ಮೂರು ವರ್ಷ ಅವರೂ ಬದ್ಧ, ನಾವೂ ಬದ್ಧ. ಅರ್ಜಿ ಕ್ಲಬ್ಬಿನ ಹೆಸರಿನಲ್ಲಿ ಹಾಕಬೇಕು, ಬರೆಯುವುದು ನಾನು ಎಂದು ಹೆರ್ ಕ್ರ್ಯೂಗರ್‌ಗೆ ಹೇಳಿದೆ. ನಮ್ಮ ಹೊಸ ಮ್ಯಾನೇಜರ್, ನನ್ನ ಮಗಳ ವಯಸ್ಸಿನವನು, "ಇದರಿಂದ ಕಂಪನಿಗೆ ಏನು ಸಿಗುತ್ತದೆ?" ಎಂದು ಕೇಳಿದ. ಏನೂ ಇಲ್ಲ, ಊಟದ ಬಿಡುವಿನಲ್ಲಿ ಮಾಡುತ್ತೇನೆ ಎಂದೆ. ಭುಜ ಹಾರಿಸಿ ಹೋದ. ಮರುದಿನ ತಾನೇ ಬಂದು ಅರ್ಜಿಯ ಪೋರ್ಟಲ್‌ಗೆ ಲಾಗಿನ್ ಮಾಡುವುದು ಹೇಗೆಂದು ತೋರಿಸಿದ. ಒಳ್ಳೆಯ ಹುಡುಗನೇ.

ಆರು ಊಟದ ಬಿಡುವುಗಳು ಆ ಎಂಜಿನ್‌ಗೆ ಹೋದವು. ಮೋಟಾರು ಇನ್ನೂ ಕೂರಿಸದ ಒಂದನ್ನು ಕ್ಲಬ್ಬಿನಿಂದ ತರಿಸಿ ಮೇಜಿನ ಮೇಲಿಟ್ಟುಕೊಂಡು, ಮೊದಲ ಸಲ, ನಿಜವಾಗಿ ನೋಡಿದೆ. ಹೊಟ್ಟೆಯೊಳಗೆ ಮೋಟಾರು ಕೂರಲು ನಾಲ್ಕು ಸ್ಕ್ರೂ ರಂಧ್ರಗಳಿದ್ದವು. ಎಡ ಬಲದ ಚಕ್ರಗಳ ನಡುವೆ ವಿದ್ಯುತ್ ಹಾಯದಂತೆ ತೆಳುವಾದ ಒಂದು ಪದರ. ಹಳಿಯಿಂದ ವಿದ್ಯುತ್ ಎತ್ತಿಕೊಳ್ಳಲು ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು. ಶೋಪೀಸಿಗೆ ಇವು ಯಾವುದೂ ಬೇಡ. ಓಡಬೇಕೆಂದೇ ಹುಟ್ಟಿದ ವಸ್ತು ಅದು. ನಾನು ಹೊಸದೇನನ್ನೂ ವಾದಿಸಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದೆ. ಪ್ರತಿ ರಂಧ್ರದ ಫೋಟೋ ಹಾಕಿದೆ. ಪತ್ತಾರರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರು, ಅದನ್ನೂ ಸೇರಿಸಿದೆ. ಇಲಾಖೆಯ ಉತ್ತರಕ್ಕೆ ನಾಲ್ಕು ತಿಂಗಳು ಹಿಡಿಯಬಹುದು, ಲೇಥ್ ಕೊಡುವುದನ್ನು ಅಷ್ಟು ದಿನ ಮುಂದೆ ಹಾಕಿ ಎಂದು ಬೇಡಿಕೊಂಡೆ. "ನೋಡೋಣಂತ್ರೀ," ಎಂದರು. ಅಷ್ಟೇ ಹೇಳಿದರು.

ಉತ್ತರ ಬಂದದ್ದು ನನ್ನ ಕೊನೆಯ ವಾರದಲ್ಲಿ. ಹೆರ್ ಕ್ರ್ಯೂಗರ್ ಪತ್ರದ ಫೋಟೋ ಕಳಿಸಿದ್ದರು. ಎರಡು ಪುಟದ ಪತ್ರದಲ್ಲಿ ನನಗೆ ಬೇಕಾದದ್ದು ಒಂದೇ ಸಾಲು: ಮೋಟಾರಿಲ್ಲದಿದ್ದರೂ ವಿದ್ಯುತ್ ರೈಲಿನ ಲಕ್ಷಣ ಹೊಂದಿರುವ ವಸ್ತು, ವಿದ್ಯುತ್ ರೈಲು ಎಂದೇ ವರ್ಗೀಕರಿಸಲಾಗಿದೆ. ಸುಂಕವಿಲ್ಲ. ತೆರಿಗೆ ಇದ್ದೇ ಇದೆ, ಆದರೆ ಅದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಆ ಸಂಜೆಯೇ ಕ್ಲಬ್ಬು ಸೇರಿತು. ಈ ಸಲ ಹನ್ನೆರಡು ಕೈಗಳೂ ಮೇಲೆದ್ದವು. ಖಜಾಂಚಿ ನನಗೆ ಕಾಫಿ ಬಗ್ಗಿಸಿ, ಇನ್ನು ಹತ್ತಕ್ಕೂ ಬೆಲೆ ನನಗೆ ಗೊತ್ತು ಎಂದರು.

ಮರುದಿನ ಬೆಳಿಗ್ಗೆ ಟ್ರೇನ್ ಇಳಿದವಳೇ ನಿಲ್ದಾಣದ ಬೆಂಚಿನಿಂದ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಮಧ್ಯಾಹ್ನವಾಗಿತ್ತು. ನಾಲ್ಕು ತಿಂಗಳು ಮುಗಿದು ಎಂಟು ದಿನ ಮೇಲಾಗಿತ್ತು, ನಾನು ಕೇಳುವ ಧೈರ್ಯ ಮಾಡಿರಲಿಲ್ಲ.

"ಪತ್ತಾರ್ರ, ಎಂಜಿನ್ ಪಾಸಾತು. ಹತ್ತೂ ಬೇಕಂತ. ಲೇಥ್ ಅದನೋ ಕೊಟ್ರೋ?"

ಅವರು ಫೋನ್ ಹಿಡಿದುಕೊಂಡೇ ಒಳಗೆ ಕೂಗಿದ್ದು ಕೇಳಿಸಿತು: "ಏ ಶಾಂತಾ, ಆ ಗ್ಯಾರೇಜಿನಾಂವಗ ಫೋನ್ ಹಚ್ಚು. ಇವತ್ತ ಸಂಜಿಕ ಲೇಥ್ ಒಯ್ಯಾಕ ಬರ್ತಾನ, ಬರಬ್ಯಾಡ ಅಂತ ಹೇಳು."

ದೂರದಿಂದ, ಪಾತ್ರೆ ತೊಳೆಯುವ ಸದ್ದಿನ ನಡುವೆ, ಶಾಂತವ್ವನ ದನಿ ಬಂತು.

"ಅವಗ ನಾ ಹ್ವಾದ ತಿಂಗಳನ ಬ್ಯಾಡ ಅಂತ ಹೇಳಿ ಕಳಿಸೇನಿ."